ಜಶವಂತಭಾಯಿಯ ವಿಮಾನದಲ್ಲಿ ವಾಸನೆ

ಹಯವದನ ರಾಯರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಐವತ್ತೆಂಟನೇ ಇಸವಿಯ ಚಳಿಗಾಲದಲ್ಲಿ, ಅವರು ಕಾನ್ಪುರದಲ್ಲಿ ವಾಯುಪಡೆಯ ಫಿಟ್ಟರ್ ಆಗಿದ್ದಾಗ, ಒಂದು ನೆಗಡಿ ಬಂತು. ಹತ್ತು ದಿನಕ್ಕೆ ನೆಗಡಿ ಹೋಯಿತು, ಅದರ ಜೊತೆಗೆ ವಾಸನೆಯೂ ಹೋಯಿತು. ತಾನಾಗಿ ವಾಪಸು ಬರುತ್ತದೆ ಎಂದು ಡಾಕ್ಟರು ಹೇಳಿದರು. ರಾಯರು ಎರಡು ವರ್ಷ ಕಾದರು. ಆಮೇಲೆ ವಾಯುಪಡೆ ಬಿಟ್ಟು, ಬರೋಡಾದ ರೈಲ್ವೆ ವರ್ಕ್‌ಶಾಪಿಗೆ ಸೇರಿ, ಮಂಜಲ್‌ಪುರದಲ್ಲಿ ಮನೆ ಮಾಡಿ, ಕಾಯುವುದನ್ನು ನಿಲ್ಲಿಸಿದರು.

ಮನೆಯಲ್ಲಿ ವಾಸನೆಗೆ ಸಂಬಂಧಪಟ್ಟ ಕೆಲಸಗಳನ್ನೆಲ್ಲ ಹೆಂಡತಿ ರಮಾಮಣಿ ನೋಡಿಕೊಳ್ಳುತ್ತಿದ್ದರು. ಹಾಲು ಸೀದದ್ದು, ಸೀಮೆಎಣ್ಣೆ ಒಲೆ ಸೋರಿದ್ದು, ರಾಯರ ಅಂಗಿ ಒಗೆಯಲು ಹಾಕುವ ಹೊತ್ತು ಬಂದದ್ದು ಎಲ್ಲವನ್ನೂ ಅವರೇ ಹೇಳಬೇಕಿತ್ತು. ಹೊರಗಿನವರಿಗೆ ರಾಯರು ಈ ಸಂಗತಿ ತಿಳಿಸಿರಲಿಲ್ಲ. ಎಣ್ಣೆ, ಎಂಜಿನು, ಬಾಯ್ಲರುಗಳ ನಡುವೆ ಕೆಲಸ ಮಾಡುವವನಿಗೆ ಮೂಗಿಲ್ಲವೆಂದರೆ ಜನ ಏನೆಂದುಕೊಂಡಾರು ಎಂಬ ಸಂಕೋಚ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದರೇನೋ. ಆದರೆ ನಿಮಗೆ ವಾಸನೆ ತಿಳಿಯುತ್ತದೆಯೇ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಅರವತ್ತೆಂಟರ ಸೆಪ್ಟೆಂಬರಿನಲ್ಲಿ ಜಶವಂತಭಾಯಿ ಶಾಹ ಎಂಬ ಬಣ್ಣದ ಕಾರ್ಖಾನೆಯ ಮಾಲೀಕರು ಅವರನ್ನು ಹುಡುಕಿಕೊಂಡು ಮನೆಗೆ ಬಂದರು. ಬಿಳಿ ಧೋತರ, ಬಿಳಿ ಟೋಪಿ, ಉಗುರುಗಳಲ್ಲಿ ಮಾತ್ರ ನೇರಳೆ ಬಣ್ಣ. ಇಂಗ್ಲೆಂಡಿಗೆ ಹೋಗಿದ್ದಾಗ ಅವರು ಒಂದು ಪ್ರದರ್ಶನದಲ್ಲಿ, ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತಂದು ನಾವೇ ಜೋಡಿಸಿಕೊಳ್ಳಬಹುದಾದ ಎರಡು ಸೀಟಿನ ವಿಮಾನ ನೋಡಿದ್ದರು. ಮೂರು ಪೆಟ್ಟಿಗೆಗಳಲ್ಲಿ ಅದು ಹಡಗಿನಲ್ಲಿ ಬಂತು. ಬಂದರಿನ ಕಾಗದಗಳಲ್ಲಿ ಅದರ ಹೆಸರು 'ಮರದ ಸಾಮಾನು, ಎಂಜಿನ್ ಸಹಿತ' ಎಂದಿತ್ತು. ಮಕರಪುರದಲ್ಲಿ ಹೊಸದಾಗಿ ಕಟ್ಟಿಸಿದ್ದ ಒಂದು ಖಾಲಿ ಶೆಡ್ಡಿನಲ್ಲಿ ಇಬ್ಬರು ಬಡಗಿಗಳನ್ನಿಟ್ಟುಕೊಂಡು ಜಶವಂತಭಾಯಿ ಅದನ್ನು ಮುಕ್ಕಾಲು ಪಾಲು ಜೋಡಿಸಿದ್ದರು.

"ರಾವ್‌ಸಾಬ್, ನೀವು ಏರ್‌ಫೋರ್ಸಿನವರು. ಭಾನುವಾರ ಭಾನುವಾರ ಬಂದು ಒಂದು ಕಣ್ಣು ಹಾಕಿದರೆ ಸಾಕು," ಅಂದರು.

ರಾಯರು ಮುಂದಿನ ಭಾನುವಾರ ಹೋಗಿ ಕಣ್ಣು ಹಾಕಿದರು. ಬಡಗಿಗಳ ಕೆಲಸ ಚೆನ್ನಾಗಿತ್ತು. ರೆಕ್ಕೆಯ ಪಕ್ಕೆಲುಬುಗಳನ್ನು ಒಳ್ಳೆಯ ಮನೆಯ ತೊಟ್ಟಿಲಿನ ಹಾಗೆ ಮಾಡಿದ್ದರು. ಪೆಟ್ರೋಲ್ ಟ್ಯಾಂಕು ಮಾತ್ರ ಕ್ಯಾಬಿನ್ನಿನ ಒಳಗೇ, ವೇಗ, ಎತ್ತರ ತೋರಿಸುವ ಗಡಿಯಾರಗಳ ಹಲಗೆಯ ಹಿಂದೆ, ಹಾರಿಸುವವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಇತ್ತು. ಅಲ್ಲಿಂದ ಒಂದು ಕೊಳವೆ ಹಲಗೆಯ ಕೆಳಗೆ ಬಳಸಿಕೊಂಡು ಮುಂದಿನ ತಗಡಿನ ಗೋಡೆ ದಾಟಿ ಎಂಜಿನಿಗೆ ಹೋಗಬೇಕು. ಆ ಕೊಳವೆ ಪಾರದರ್ಶಕ ಪ್ಲಾಸ್ಟಿಕ್ಕಿನದಾಗಿತ್ತು.

"ಇದು ಪೆಟ್ಟಿಗೆಯಲ್ಲಿ ಬಂದದ್ದೇ?" ರಾಯರು ಕೇಳಿದರು.

"ಅದರಲ್ಲಿ ಬಂದದ್ದು ಅಲ್ಯೂಮಿನಿಯಂ. ದಾರಿಯಲ್ಲಿ ಯಾರೋ ತುಳಿದು ಚಪ್ಪಟೆ ಮಾಡಿದರು. ಇದು ಸೂರತ್ತಿನಲ್ಲಿ ನಮ್ಮ ಅಳಿಯ ಕಳಿಸಿದ್ದು. ನೋಡಿ, ಪೆಟ್ರೋಲು ಹರಿಯುವುದು ಕಣ್ಣಿಗೆ ಕಾಣುತ್ತದೆ. ಅಲ್ಯೂಮಿನಿಯಂನಲ್ಲಿ ಕಾಣುತ್ತದೆಯೇ?"

ಕಾಣುವುದಿಲ್ಲ ಎಂದು ರಾಯರು ಒಪ್ಪಿದರು. ತೆಗೆಯುವುದು ಒಳ್ಳೆಯದು ಎಂದೂ ಹೇಳಿದರು. ಜಶವಂತಭಾಯಿ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡರು.

ಅಕ್ಟೋಬರ್ ಕೊನೆಯ ಹೊತ್ತಿಗೆ ಶೆಡ್ಡಿನಲ್ಲೇ ಎಂಜಿನ್ ಚಾಲೂ ಮಾಡಿ ನೋಡಿದರು. ಹಾರಿಸಲು ಗೊತ್ತುಮಾಡಿಕೊಂಡಿದ್ದವರು ಕೆರ್ಸಿ ಭರೂಚಾ ಎಂಬ ಪಾರ್ಸಿ, ಫ್ಲೈಯಿಂಗ್ ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷ ಕಲಿಸಿದವರು. ತಮಗಿಂತ ಹಿರಿಯರನ್ನೂ 'ಡೀಕ್ರಾ', ಅಂದರೆ ಮಗನೇ, ಎಂದು ಕರೆಯುವುದು ಅವರ ರೂಢಿ. ಅವರು ಕ್ಯಾಬಿನ್ನಿನಲ್ಲಿ ಐದು ನಿಮಿಷ ಕೂತು, ಕರವಸ್ತ್ರ ಮೂಗಿಗೆ ಹಿಡಿದುಕೊಂಡು ಇಳಿದರು.

"ರಾವ್ ಡೀಕ್ರಾ, ಇದು ವಿಮಾನವೋ ಪೆಟ್ರೋಲ್ ಪಂಪೋ? ನಿನಗೆ ವಾಸನೆ ಬರುತ್ತಿಲ್ಲವೇ?"

"ನೋಡುತ್ತೇನೆ," ಅಂದರು ರಾಯರು.

ನೋಡಿದರು. ನೋಡುವುದೊಂದೇ ಅವರಿಗೆ ಇದ್ದ ದಾರಿ. ಪ್ರತಿಯೊಂದು ಜೋಡಣೆಗೂ ಸೀಮೆಸುಣ್ಣದ ಪುಡಿ ಹಚ್ಚಿ, ತೇವವಾಗುತ್ತದೆಯೇ ಎಂದು ಟಾರ್ಚು ಹಿಡಿದು ಗಂಟೆಗಟ್ಟಲೆ ಕೂತರು. ಪುಡಿ ಒಣಗಿಯೇ ಇತ್ತು. ಆದರೂ ಕ್ಲಿಪ್ಪುಗಳನ್ನು ಇನ್ನಷ್ಟು ಬಿಗಿ ಮಾಡಿದರು. ಮುಂದಿನ ವಾರ ಕೆರ್ಸಿ ಮತ್ತೆ ಕರವಸ್ತ್ರ ಹಿಡಿದುಕೊಂಡೇ ಇಳಿದರು. ರಾಯರು ಕ್ಲಿಪ್ಪುಗಳನ್ನೇ ಬದಲಾಯಿಸಿದರು. ಮೂರನೇ ವಾರ ಅವರು ಶೆಡ್ಡಿಗೆ ಹೋದಾಗ ಜಶವಂತಭಾಯಿ ಪೈಲಟ್ ಸೀಟಿನ ಮೇಲೆ ಒಂದು ಹಿತ್ತಾಳೆಯ ಸ್ಟ್ಯಾಂಡು ಇಟ್ಟು ಅದರಲ್ಲಿ ಐದು ಊದುಬತ್ತಿ ಹಚ್ಚಿದ್ದರು.

ರಾಯರು ಕುಡಿಯುವ ನೀರಿನ ಮಡಕೆಯನ್ನು ಎತ್ತಿ ತಂದು ಐದನ್ನೂ ಆರಿಸಿದರು. ಸೀಟೂ ನೆನೆಯಿತು.

"ಮೈಸೂರಿನ ಚಂದನದ ಬತ್ತಿ, ರಾವ್‌ಸಾಬ್. ನಿಮ್ಮ ಕಡೆಯದೇ," ಅಂದರು ಜಶವಂತಭಾಯಿ ನೊಂದುಕೊಂಡು.

ಅಂದು ಸಂಜೆ ರಾಯರು ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ರಮಾಮಣಿ ಒಳಗಿನಿಂದ ಕೂಗಿದರು.

"ರೀ, ಅಲ್ಲೇ ಇರಿ! ಅಂಗಿ ಹೊರಗೇ ತೆಗೀರಿ. ನಾನು ಒಲೆ ಹಚ್ಚಿದ್ದೀನಿ. ಪೆಟ್ರೋಲಲ್ಲಿ ಸ್ನಾನ ಮಾಡ್ಕೊಂಡು ಬಂದ್ರಾ?"

ರಾಯರು ಜಗಲಿಯಲ್ಲೇ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ನಿಂತು, ಸ್ವಲ್ಪ ಹೊತ್ತು ಯೋಚಿಸಿದರು.

"ನಾಳೆ ವರ್ಕ್‌ಶಾಪಿಗೆ ರಜ. ನನ್ ಜೊತೆ ಶೆಡ್ಡಿಗೆ ಬರ್ತೀಯಾ?"

"ಯಾಕೆ?"

"ವಿಮಾನ ನೋಡೋದಕ್ಕೆ."

"ನನಗ್ಯಾಕ್ರೀ ವಿಮಾನ?" ಎಂದು ರಮಾಮಣಿ ಕೇಳಿದರು. ಆಮೇಲೆ ಗಂಡನ ಮುಖ ನೋಡಿ, "ಮೂಸೋದಕ್ಕೋ?" ಅಂದರು.

"ಹೂಂ."

ಮರುದಿನ ರಮಾಮಣಿ ಒಳ್ಳೆಯ ಸೀರೆ ಉಟ್ಟುಕೊಂಡು ಹೊರಟರು. ಮಂಜಲ್‌ಪುರದಿಂದ ಮಕರಪುರಕ್ಕೆ ಹೊಲಗಳ ಅಂಚಿನಲ್ಲಿ ಅರ್ಧ ಗಂಟೆಯ ದಾರಿ. ಜಶವಂತಭಾಯಿ ಅವರನ್ನು ಬಹಳ ಗೌರವದಿಂದ ಬರಮಾಡಿಕೊಂಡು, ರೆಕ್ಕೆ, ಬಾಲ, ಚಕ್ರ ಎಲ್ಲವನ್ನೂ ಹಿಂದಿಯಲ್ಲಿ ವಿವರಿಸಿದರು. ರಮಾಮಣಿ ತಲೆದೂಗುತ್ತ ಕ್ಯಾಬಿನ್ ಹತ್ತಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಲಗೆಯ ಕೆಳಗೆ ತಲೆ ತೂರಿಸಿದರು. ಜಶವಂತಭಾಯಿ ವಿವರಿಸುವುದನ್ನು ನಿಲ್ಲಿಸಿದರು.

"ಅವಳಿಗೆ ಯಂತ್ರಗಳಲ್ಲಿ ಆಸಕ್ತಿ," ಅಂದರು ರಾಯರು.

ಒಳಗಿನಿಂದ ರಮಾಮಣಿಯ ದನಿ ಕನ್ನಡದಲ್ಲಿ ಬಂತು. "ಜಾಯಿಂಟಲ್ಲಿ ಏನೂ ಇಲ್ಲ ಕಣ್ರೀ. ಈ ಕೊಳವೇನೇ ನಾರ್ತಿದೆ. ಈ ತುದಿಯಿಂದ ಆ ತುದಿವರೆಗೂ ಒಂದೇ ಸಮ."

"ಕೊಳವೆ ತೂತಾಗಿಲ್ಲ. ನೋಡಿದ್ದೀನಿ."

"ತೂತು ಯಾಕೆ ಬೇಕು? ಪಕ್ಕದ ಮನೆ ಹಂಸಾಬೆನ್ ಕೊಟ್ಟ ಪ್ಲಾಸ್ಟಿಕ್ ಡಬ್ಬೀಲಿ ಇಂಗು ಹಾಕಿಟ್ಟಿರಲಿಲ್ವಾ? ಮುಚ್ಚಳ ಬಿಗಿಯಾಗೇ ಇತ್ತು. ಬೀರು ಪೂರ್ತಿ ಇಂಗಾಯ್ತು. ಡಬ್ಬಿ ಮೈಯಿಂದಾನೇ ಹೊರಗೆ ಬರತ್ತೆ."

ರಾಯರು ಕೊಳವೆಯನ್ನು ಬಿಚ್ಚಿ ಹೊರಗೆ ತಂದರು. ಎರಡು ತಿಂಗಳ ಹಿಂದೆ ಗಾಜಿನಂತಿದ್ದದ್ದು ಈಗ ಹಳದಿಗಟ್ಟಿತ್ತು. ಪೆಟ್ರೋಲು ಆರಿದ ಮೇಲೆ ಬಾಗಿಸಿದರೆ ಒಣ ನುಗ್ಗೆಕಾಯಿಯ ಹಾಗೆ ಲಟ್ಟೆಂದು ಎರಡಾಯಿತು. ಮೆತ್ತಗಿರಲೆಂದು ಪ್ಲಾಸ್ಟಿಕ್ಕಿಗೆ ಬೆರೆಸಿದ್ದ ಎಣ್ಣೆಯಂಥದ್ದನ್ನೆಲ್ಲ ಪೆಟ್ರೋಲು ಎಳೆದುಕೊಂಡು ಹೋಗಿತ್ತು. ಅದು ಆಕಾಶದಲ್ಲಿ ಮುರಿದಿದ್ದರೆ ಟ್ಯಾಂಕಿನಲ್ಲಿದ್ದದ್ದೆಲ್ಲ ಕೆರ್ಸಿಯ ತೊಡೆಯ ಮೇಲೆ ಬೀಳುತ್ತಿತ್ತು. ಜಶವಂತಭಾಯಿ ಎರಡು ತುಂಡುಗಳನ್ನೂ ಕೈಯಲ್ಲಿ ಹಿಡಿದು ನೋಡಿ, ಅಳಿಯನಿಗೆ ಕಾಗದ ಬರೆಯುತ್ತೇನೆ ಅಂದರು.

ಅಳಿಯ ಈ ಸಲ ಕಪ್ಪು ರಬ್ಬರ್ ಕೊಳವೆ ಕಳಿಸಿದರು. ರಾಯರು ಅದರ ಒಂದು ಗೇಣು ತುಂಡನ್ನು ಕತ್ತರಿಸಿ ಪೆಟ್ರೋಲು ತುಂಬಿದ ಬಾಟಲಿಯಲ್ಲಿ ಹಾಕಿ ಶೆಡ್ಡಿನ ಕಿಟಕಿಯಲ್ಲಿಟ್ಟರು. ನಾಲ್ಕನೇ ದಿನಕ್ಕೆ ಅದು ಉಬ್ಬಿ ಬದನೆಕಾಯಿಯಷ್ಟಾಯಿತು, ಪೆಟ್ರೋಲು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಜಶವಂತಭಾಯಿ ಬಾಟಲಿಯನ್ನು ಬೆಳಕಿಗೆ ಹಿಡಿದು, ಬಣ್ಣ ಚೆನ್ನಾಗಿದೆ ಅಂದರು. ವಿಮಾನಕ್ಕೆ ಬೇಡ ಎಂದೂ ಒಪ್ಪಿದರು.

ಕೊನೆಗೆ ರಾಯರೇ ಒಂದು ದಿನ ರಜೆ ಹಾಕಿ ಅಹಮದಾಬಾದಿಗೆ ಹೋಗಿ, ಮಿಲ್ಲುಗಳಿಗೆ ಉಪಕರಣ ಮಾರುವ ಅಂಗಡಿಯಲ್ಲಿ ಮೆತ್ತನೆಯ ಅಲ್ಯೂಮಿನಿಯಂ ಕೊಳವೆಯ ಒಂದು ಸುರುಳಿ ಸಂಪಾದಿಸಿಕೊಂಡು ಬಂದರು. ಚಪ್ಪಟೆಯಾಗದೆ ಬಾಗಲೆಂದು ಮರದ ಅಚ್ಚು ಕೆತ್ತಿಸಿದರು. ತುದಿಗಳನ್ನು ಸಣ್ಣ ತುತ್ತೂರಿಯ ಬಾಯಿಯ ಹಾಗೆ ಅಗಲಿಸಿ ನಟ್ಟು ಕೂರಿಸಿದರು. ತಗಡಿನ ಗೋಡೆಯಿಂದಾಚೆ, ಎಂಜಿನು ಅದುರುವ ಕಡೆ ಮಾತ್ರ, ವಿಮಾನಕ್ಕೆಂದೇ ಮಾಡಿದ, ಹೊರಗೆ ಹೆಣಿಗೆಯಿದ್ದ ಮೋಟು ಹೋಸು ಹಾಕಿದರು. ರಮಾಮಣಿ ಮತ್ತೊಮ್ಮೆ ಸೀರೆಯುಟ್ಟು ಬಂದು, ಹಲಗೆಯ ಕೆಳಗೆ ತಲೆ ಹಾಕಿ, "ವಾಸನೆ ಇಲ್ಲ," ಎಂದು ಹೇಳಿ ಹೋದರು. ಕೆರ್ಸಿ ಒಳಗೆ ಕೂತು ದೀರ್ಘವಾಗಿ ಉಸಿರೆಳೆದುಕೊಂಡು, ಪಾರ್ಸಿ ಮದುವೆಯ ಊಟಕ್ಕೆ ಕೂತವರಂತೆ ನಕ್ಕರು.

ಡಿಸೆಂಬರಿನಲ್ಲಿ ವಿಮಾನವನ್ನು ಲಾರಿಯಲ್ಲಿ ಹರ್ಣಿಯ ಏರ್‌ಫೀಲ್ಡಿಗೆ ಸಾಗಿಸಿದರು. ಪರೀಕ್ಷೆಗೆಂದು ಹಾರಿಸಲು ಪರವಾನಗಿ ಸಿಕ್ಕಿತ್ತು. ಪೂರ್ತಿ ಸರ್ಟಿಫಿಕೇಟು ಬೇಕಾದರೆ ಜನವರಿ ಹದಿನೇಳಕ್ಕೆ ಅಹಮದಾಬಾದಿಗೆ ಹಾರಿಸಿಕೊಂಡು ಹೋಗಿ ಇನ್‌ಸ್ಪೆಕ್ಟರಿಗೆ ತೋರಿಸಬೇಕಿತ್ತು.

ವಿಮಾನ ಚೆನ್ನಾಗಿಯೇ ಹಾರಿತು. ಆದರೆ ಕೆರ್ಸಿ ಇಳಿದ ಮೇಲೆ ಒಂದೊಂದು ಸಲ ತಲೆನೋವು ಎನ್ನುತ್ತಿದ್ದರು. ಒಂದು ಬೆಳಿಗ್ಗೆ ರನ್‌ವೇಯ ಮೇಲೆ ಇಳಿದು, ಹ್ಯಾಂಗರಿನ ಕಡೆ ತಿರುಗದೆ, ನೇರ ಹೋಗಿ ಬೇಲಿಯ ಮುಂದೆ ನಿಲ್ಲಿಸಿ, ಅಲ್ಲೇ ಕೂತಿದ್ದರು. ರಾಯರು ಓಡಿಹೋಗಿ ಬಾಗಿಲು ತೆಗೆದರೆ, "ಗೇಟು ತೆಗೆಯುತ್ತಾರೆ ಅಂತ ಕಾಯುತ್ತಿದ್ದೆ," ಅಂದರು. ಆ ಬೇಲಿಗೆ ಗೇಟೇ ಇರಲಿಲ್ಲ. ಇನ್ನೊಂದು ಬೆಳಿಗ್ಗೆ ಇಳಿದು ಬಂದವರೇ ಜಶವಂತಭಾಯಿಯ ಎರಡೂ ಕೆನ್ನೆ ಹಿಂಡಿದರು.

"ವಯಸ್ಸಾಯಿತು," ಎಂದು ಜಶವಂತಭಾಯಿ ರಾಯರ ಕಿವಿಯಲ್ಲಿ ಹೇಳಿದರು.

ರಾಯರು ಒಂದು ಹಾಳೆಯ ಮೇಲೆ ಹಾರಾಟಗಳ ದಿನ, ಹೊತ್ತು, ತಲೆನೋವು ಬರೆದು ನೋಡಿದರು. ತಲೆನೋವೆಲ್ಲ ಬೆಳಗಿನ ಹಾರಾಟಗಳಿಗೇ ಬಂದಿತ್ತು. ಮಧ್ಯಾಹ್ನ ಒಮ್ಮೆಯೂ ಇಲ್ಲ.

"ಬೆಳಿಗ್ಗೆ ನೀವು ಬೇರೆ ಏನು ಮಾಡುತ್ತೀರಿ?" ಎಂದು ಕೆರ್ಸಿಯನ್ನು ಕೇಳಿದರು.

"ಚಳಿ, ಡೀಕ್ರಾ. ಹೀಟರ್ ಹಾಕಿಕೊಳ್ಳುತ್ತೇನೆ."

ಚಳಿ ದೇಶದವರು ಮಾಡಿದ ವಿಮಾನವಾದ್ದರಿಂದ ಪೆಟ್ಟಿಗೆಯಲ್ಲಿ ಹೀಟರೂ ಬಂದಿತ್ತು. ಎಂಜಿನಿನ ಹೊಗೆ ಹೋಗುವ ಬಿಸಿ ಕೊಳವೆಯ ಸುತ್ತ ತಗಡಿನ ಕವಚ. ಆ ಕವಚದೊಳಗೆ ಸುತ್ತಾಡಿ ಬಿಸಿಯಾದ ಗಾಳಿ ಕ್ಯಾಬಿನ್ನಿಗೆ ಬರುತ್ತದೆ. ಗುಜರಾತಿನಲ್ಲಿ ಇದು ಬೇಡವೆಂದು ರಾಯರು ಮೊದಲೇ ಹೇಳಿದ್ದರು. ಪೆಟ್ಟಿಗೆಯಲ್ಲಿ ಬಂದದ್ದೆಲ್ಲ ವಿಮಾನದಲ್ಲಿರಬೇಕು ಎಂದು ಜಶವಂತಭಾಯಿ ಹಾಕಿಸಿದ್ದರು. ಈಗ ರಾಯರು ಅವರ ಹತ್ತಿರ ಹೋಗಿ, ಕವಚದೊಳಗೆ ಹೊಗೆಕೊಳವೆ ಬಿರುಕು ಬಿಟ್ಟಿರಬಹುದು, ರಿವೆಟ್ ತೆಗೆದು ನೋಡಬೇಕು ಅಂದರು.

"ಇನ್‌ಸ್ಪೆಕ್ಟರು ನೋಡುವ ಹೊತ್ತಿಗೆ ಬಿಚ್ಚುವುದು ಬೇಡ. ನಕ್ಷೆಯಲ್ಲಿ ಹೀಟರ್ ಇದೆ, ವಿಮಾನದಲ್ಲೂ ಇರಲಿ. ಮತ್ತೆ, ಹೊಗೆ ಬಂದರೆ ವಾಸನೆ ಬರುವುದಿಲ್ಲವೇ? ಭಾಭಿಯವರೇ ವಾಸನೆ ಇಲ್ಲ ಅಂದಿದ್ದಾರೆ."

ರಮಾಮಣಿ ಶೆಡ್ಡಿಗೆ ಬರುತ್ತಿದ್ದುದು ಮೂಸಿ ನೋಡುವುದಕ್ಕೆಂದು ಜಶವಂತಭಾಯಿಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಆಕೆಯ ಮೂಗಿನ ಮೇಲೆ ಅವರಿಗೆ ಈಗ ಯಾವ ಇನ್‌ಸ್ಪೆಕ್ಟರಿಗಿಂತಲೂ ಹೆಚ್ಚು ನಂಬಿಕೆ.

"ಅವಳು ಮೂಸಿದ್ದು ಪೆಟ್ರೋಲು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ಇರುತ್ತದೆ, ತಲೆಯನ್ನು ಮಂಕು ಮಾಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ."

"ಬಣ್ಣವೂ ಇಲ್ಲ, ವಾಸನೆಯೂ ಇಲ್ಲ," ಅಂದರು ಜಶವಂತಭಾಯಿ. "ಹಾಗಿದ್ದರೆ ಇದೆ ಅಂತ ನಿಮಗೆ ಹೇಗೆ ಗೊತ್ತು?"

"ಪರೀಕ್ಷೆ ಮಾಡಬಹುದು. ಕಲ್ಲಿದ್ದಲಿನ ಗಣಿಗಳಲ್ಲಿ ಹಕ್ಕಿಯನ್ನು ಪಂಜರದಲ್ಲಿಟ್ಟು ಕರೆದುಕೊಂಡು ಹೋಗುತ್ತಾರೆ. ಗಾಳಿ ಕೆಟ್ಟರೆ ಮನುಷ್ಯನಿಗಿಂತ ಮೊದಲು ಅದು ಬೀಳುತ್ತದೆ. ಒಂದು ಗಿಳಿ ಸಿಕ್ಕರೆ..."

ಜಶವಂತಭಾಯಿ ಕುರ್ಚಿಯಿಂದ ಎದ್ದು ನಿಂತರು. ಸೂರ್ಯ ಮುಳುಗಿದ ಮೇಲೆ ಹುಳು ಬಿದ್ದೀತೆಂದು ಊಟ ಮಾಡದ ಜೈನ ಮನುಷ್ಯ.

"ರಾವ್‌ಸಾಬ್! ಒಂದು ಜೀವ! ಬಾಯಿಲ್ಲದ ಜೀವ! ನನ್ನ ವಿಮಾನದಲ್ಲಿ ಆ ಪಾಪ ನಡೆಯಲು ಬಿಡುವುದಿಲ್ಲ."

"ಹಾಗಾದರೆ ನಾನೇ ಕೂತು ನೋಡುತ್ತೇನೆ."

"ಅದು ಆಗಬಹುದು," ಎಂದು ಜಶವಂತಭಾಯಿ ಸಮಾಧಾನದಿಂದ ಕೂತರು.

ಹದಿನೇಳರ ಬೆಳಿಗ್ಗೆ ಎಂಟಕ್ಕೆ ಕೆರ್ಸಿಯ ಪಕ್ಕದ ಸೀಟಿನಲ್ಲಿ ರಾಯರು ಕೂತರು. ತಲೆಗೆ ಮಫ್ಲರ್, ತೊಡೆಯ ಮೇಲೆ ಒಂದು ಟವೆಲು, ಒಂದು ನೋಟ್‌ಬುಕ್ಕು, ಪೆನ್ಸಿಲು. ಪಕ್ಕದ ಕಿಟಕಿಯ ಚಿಲಕಕ್ಕೆ ಮೊದಲೇ ಎಣ್ಣೆ ಬಿಟ್ಟಿದ್ದರು. ಪ್ರತಿ ಐದು ನಿಮಿಷಕ್ಕೆ ಹತ್ತೊಂಬತ್ತರ ಮಗ್ಗಿಯನ್ನು ಒಂದರಿಂದ ಹತ್ತರವರೆಗೆ ಬರೆಯುವುದೆಂದು ಗೊತ್ತುಮಾಡಿಕೊಂಡಿದ್ದರು. ನಂಜನಗೂಡಿನ ಶಾಲೆಯಲ್ಲಿ ಅವರು ಹತ್ತೊಂಬತ್ತರ ಮಗ್ಗಿಗೆ ಪ್ರಸಿದ್ಧರಾಗಿದ್ದರು. ತಪ್ಪಿದರೆ ತಕ್ಷಣ ಹೀಟರ್ ಮುಚ್ಚಿ ಕಿಟಕಿ ತೆರೆಯುವುದು ಅವರ ಯೋಜನೆ. ಹೀಗೆಂದು ಕೆರ್ಸಿಗೂ ಹೇಳಿದ್ದರು. ಕೆರ್ಸಿ, "ಬರೆ, ಬರೆ," ಎಂದು ಹೀಟರಿನ ಹಿಡಿಯನ್ನು ಪೂರ್ತಿ ಎಳೆದರು.

ಮಹೀ ನದಿ ದಾಟುವವರೆಗೆ ಮೂರು ಮಗ್ಗಿ ಆಯಿತು. ಮೂರೂ ಸರಿ, ಅಕ್ಷರ ಸ್ಫುಟ. ಕೆಳಗೆ ಆಣಂದದ ಸುತ್ತಲಿನ ತಂಬಾಕಿನ ಹೊಲಗಳು. ಕ್ಯಾಬಿನ್ ಬೆಚ್ಚಗೆ ಹಿತವಾಗಿತ್ತು. ಕೆರ್ಸಿ ಏನೋ ಹಾಡು ಗುನುಗುತ್ತಿದ್ದರು. ಕೆನ್ನೆಗಳು ಕೆಂಪಗಿದ್ದವು. ಆದರೆ ಅವು ಯಾವಾಗಲೂ ಕೆಂಪಗೇ ಇರುತ್ತಿದ್ದುದರಿಂದ ರಾಯರು ಅದನ್ನು ಬರೆದುಕೊಳ್ಳಲಿಲ್ಲ.

ಐದನೇ ಮಗ್ಗಿ ಬರೆಯುವಾಗ ಹತ್ತೊಂಬತ್ತೇಳಲ ನೂರಮೂವತ್ತಮೂರು ಎಂದು ಬರೆದರು. ಹತ್ತೊಂಬತ್ತೆಂಟಲ ನೂರಮೂವತ್ತನಾಲ್ಕು ಎಂದು ಬರೆದರು. ಅದನ್ನು ನೋಡಿದರು. ತಪ್ಪು ಎಂದು ಗೊತ್ತಾಯಿತು. ಆದರೆ ಅದರಿಂದ ಅವರಿಗೆ ಏನೂ ಅನ್ನಿಸಲಿಲ್ಲ. ಹೆಚ್ಚು ಕಮ್ಮಿ ಹತ್ತಿರದಲ್ಲೇ ಇದೆಯಲ್ಲ, ಇರಲಿ ಎಂದು ಪೆನ್ಸಿಲನ್ನು ನೋಟ್‌ಬುಕ್ಕಿನ ಮೇಲೆ ಮಲಗಿಸಿದರು. ತಲೆಯ ಸುತ್ತ ಯಾರೋ ಬಟ್ಟೆ ಸುತ್ತಿದಂತಿತ್ತು. ಇಪ್ಪತ್ತೈದು ವರ್ಷ ಬೋಲ್ಟು, ನಟ್ಟು, ಅಳತೆಗಳ ಸಣ್ಣ ತಪ್ಪಿಗೂ ನಿದ್ದೆಗೆಟ್ಟವರು ಅವರು. ತಪ್ಪಾದ ಮೇಲೂ ತಾನು ಹೀಗೆ ಹಾಯಾಗಿ ಕೂತಿದ್ದೇನೆ ಎಂಬುದು ಮೆಲ್ಲಗೆ ಅರಿವಿಗೆ ಬಂತು. ಆಗ ಹೆದರಿಕೆಯಾಯಿತು.

"ಕೆರ್ಸಿ, ಹೀಟರ್ ಮುಚ್ಚಿ," ಅಂದರು.

"ಬಂದೇ ಬಿಟ್ಟಿತು, ಡೀಕ್ರಾ. ಅದೋ ಅಹಮದಾಬಾದು." ಕೆರ್ಸಿಯ ನಾಲಿಗೆ ದಪ್ಪವಾಗಿತ್ತು. ಅವರು ತೋರಿಸಿದ ಊರಿನಲ್ಲಿ ಮಿಲ್ಲಿನ ಚಿಮಣಿ ಒಂದೋ ಎರಡೋ ಕಂಡವು. ಅದು ನಡಿಯಾದ್. ವಿಮಾನ ಮೂಗು ತಗ್ಗಿಸಿ ಇಳಿಯತೊಡಗಿತು.

ರಾಯರು ಕಿಟಕಿಯ ಚಿಲಕಕ್ಕೆ ಕೈ ಹಾಕಿದರು. ಎಣ್ಣೆ ಬಿಟ್ಟ ಚಿಲಕವನ್ನು ಯಾವ ಕಡೆ ತಿರುಗಿಸಬೇಕೆಂದು ಹೊಳೆಯಲಿಲ್ಲ. ಎರಡು ಸಲ ತಪ್ಪು ಕಡೆ ತಿರುಗಿಸಿ, ಮೂರನೇ ಸಲಕ್ಕೆ ಮೊಣಕೈಯಿಂದ ಗುದ್ದಿದರು. ಕಿಟಕಿಯೇ ಕಿತ್ತುಕೊಂಡು ಹಾರಿಹೋಯಿತು. ಒಳಗೆ ನುಗ್ಗಿದ ಚಳಿಗಾಳಿಗೆ ನೋಟ್‌ಬುಕ್ಕಿನ ಹಾಳೆಗಳು ಪಟಪಟ ಬಡಿದುಕೊಂಡವು. ಹೀಟರಿನ ಹಿಡಿಯನ್ನು ಒಳಗೆ ತಳ್ಳಿ, ಟವೆಲನ್ನು ಮುದ್ದೆ ಮಾಡಿ ಬಿಸಿಗಾಳಿ ಬರುವ ತೂತಿಗೆ ತುರುಕಿದರು. ಆಮೇಲೆ ಕೆರ್ಸಿಯ ಕತ್ತುಪಟ್ಟಿ ಹಿಡಿದು ಅವರ ಮುಖವನ್ನು ಗಾಳಿಗೆ ಎಳೆದರು.

"ಏನು ಮಾಡುತ್ತಿದ್ದೀ? ನಾನು ಪೈಲಟ್!" ಎಂದು ಕೆರ್ಸಿ ಕೂಗಿದರು.

"ಹತ್ತೊಂಬತ್ತೆಂಟಲ ಎಷ್ಟು?"

"ಏನು?"

"ಹೇಳಿ!"

"ನನಗೆ ಅದು ಯಾವಾಗಲೂ ಬರುತ್ತಿರಲಿಲ್ಲ!" ಅಂದರು ಕೆರ್ಸಿ. ಆದರೆ ಕೂಗಾಡುತ್ತ ಗಾಳಿ ಕುಡಿದದ್ದರಿಂದ ಕಣ್ಣು ತಿಳಿಯಾಗತೊಡಗಿತು. ಸ್ವಲ್ಪ ಹೊತ್ತಿಗೆ ಕೆಳಗೆ ನೋಡಿ, "ಇದು ನಡಿಯಾದ್," ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ತಲೆ ಒಡೆಯುತ್ತಿದೆ, ರಾವ್. ಇಳಿಸಿಬಿಡುತ್ತೇನೆ. ನೀನು ಮಾತಾಡುತ್ತಲೇ ಇರು, ನಿಲ್ಲಿಸಬೇಡ," ಅಂದರು.

ರಾಯರಿಗೆ ಮಾತಾಡುವುದಕ್ಕೆ ಏನೂ ತೋಚಲಿಲ್ಲ. ಮಗ್ಗಿಯನ್ನೇ ಗಟ್ಟಿಯಾಗಿ ಹೇಳತೊಡಗಿದರು. ಕೊಯ್ಲು ಮುಗಿದ ಒಂದು ಉದ್ದನೆಯ ಹೊಲದ ಮೇಲೆ ಕೆರ್ಸಿ ಒಮ್ಮೆ ಸುತ್ತಿ, ಎಂಜಿನಿನ ಸದ್ದು ತಗ್ಗಿಸಿ, ವಿಮಾನವನ್ನು ನೆಲಕ್ಕೆ ತಂದರು. ಅದು ಮೂರು ಸಲ ನೆಗೆದು, ಒಂದು ಬದುವಿನ ಮುಂದೆ ನಿಂತಿತು. ಕೆರ್ಸಿ ಇಳಿದು ವಾಂತಿ ಮಾಡಿಕೊಂಡರು. ರಾಯರು ನೆಲದ ಮೇಲೆ ಕೂತು, ಹತ್ತೊಂಬತ್ತೆಂಟಲ ನೂರೈವತ್ತೆರಡು ಎಂದು ಮೂರು ಸಲ ಹೇಳಿಕೊಂಡು, ಅದು ಸರಿಯೆಂದು ಖಚಿತವಾದ ಮೇಲೆ ಅತ್ತರು. ಊರಿನವರು ಓಡಿಬಂದರು. ಅವರಲ್ಲೊಬ್ಬ ಮುದುಕ ಇಬ್ಬರನ್ನೂ ನೋಡಿ, ಹಾದಿಯಲ್ಲಿ ಏನಾದರೂ ತಿಂದಿರಾ ಎಂದು ಕೇಳಿದ.

ಮಧ್ಯಾಹ್ನ ಜಶವಂತಭಾಯಿ ಜೀಪಿನಲ್ಲಿ ಬಂದರು. ಅವರೆದುರೇ ರಾಯರು ರಿವೆಟ್ಟುಗಳನ್ನು ಕೊರೆದು ಹೀಟರಿನ ಕವಚ ಬಿಚ್ಚಿದರು. ಒಳಗೆಲ್ಲ ಮಸಿ. ಹೊಗೆಕೊಳವೆಯ ಬೆಸುಗೆಯ ಪಕ್ಕದಲ್ಲಿ ಒಂದು ಬಿರುಕು, ಎರಡು ಬೆರಳಿನಷ್ಟು ಉದ್ದ, ಕೂದಲಿನಷ್ಟು ಸಣ್ಣ. ಬಿಸಿಯಾದಾಗ ಅದು ಬಾಯಿ ಬಿಡುತ್ತಿತ್ತು. ಎಂಜಿನು ಆರಿ ತಣ್ಣಗಾದ ಮೇಲೆ ಯಾರು ಬಂದು ಮೂಸಿದರೂ ಏನೂ ತಿಳಿಯುತ್ತಿರಲಿಲ್ಲ.

ಜಶವಂತಭಾಯಿ ಬಿರುಕಿನ ಮೇಲೆ ನೇರಳೆ ಉಗುರನ್ನು ಎಳೆದರು.

"ನಾನು ಹಕ್ಕಿಗೆ ಮರುಗಿದೆ," ಅಂದರು ಆಮೇಲೆ. "ನಿಮ್ಮ ವಿಷಯ ನನಗೆ ಹೊಳೆಯಲೇ ಇಲ್ಲ, ರಾವ್‌ಸಾಬ್. ಭಗವಂತ ನನ್ನನ್ನು ಕ್ಷಮಿಸಲಿ." ಅವರ ಕಣ್ಣು ಒದ್ದೆಯಾಗಿತ್ತು. "ನಾವೆಲ್ಲ ಮೂಗು ನಂಬಿ ಕೂತೆವು. ನೀವೊಬ್ಬರೇ ನಂಬಲಿಲ್ಲ."

"ನನಗೆ ಮೂಗಿಲ್ಲ," ಅಂದರು ರಾಯರು. "ಹತ್ತು ವರ್ಷದಿಂದ ನನಗೆ ವಾಸನೆ ತಿಳಿಯುವುದಿಲ್ಲ. ನಿಮಗೆ ಮೊದಲೇ ಹೇಳಬೇಕಿತ್ತು."

ಜಶವಂತಭಾಯಿ ಕೆರ್ಸಿಯ ಮುಖ ನೋಡಿದರು, ಕೆರ್ಸಿ ಜಶವಂತಭಾಯಿಯ ಮುಖ ನೋಡಿದರು. "ಮತ್ತೆ ಪೆಟ್ರೋಲಿನ ವಾಸನೆ ಬಂದಾಗ 'ನೋಡುತ್ತೇನೆ' ಎಂದೆಯಲ್ಲ?" ಎಂದು ಕೆರ್ಸಿ ಕೇಳಿದರು.

"ನೋಡಿದೆ," ಅಂದರು ರಾಯರು.

ಮನೆಯಲ್ಲಿ ರಾಯರು ಎಂಜಿನಿಗೆ ಸ್ವಲ್ಪ ತೊಂದರೆಯಾಗಿ ನಡುವೆ ಇಳಿಯಬೇಕಾಯಿತು ಎಂದಷ್ಟೇ ಹೇಳಿದರು. ಎರಡು ದಿನದ ಮೇಲೆ ಕೆರ್ಸಿ ಒಂದು ದೊಡ್ಡ ಕೇಕಿನೊಂದಿಗೆ ಬಂದು, ಕಾಫಿ ಕುಡಿಯುತ್ತ, ಗಿಳಿಯಿಂದ ಹಿಡಿದು ವಾಂತಿಯವರೆಗೆ ಎಲ್ಲವನ್ನೂ ರಮಾಮಣಿಗೆ ಹೇಳಿ ಹೋದರು. ರಮಾಮಣಿ ಅವರನ್ನು ನಗುನಗುತ್ತ ಬೀಳ್ಕೊಟ್ಟು, ಕೇಕನ್ನು ಹಂಸಾಬೆನ್ ಮನೆಗೆ ಕೊಟ್ಟು, ಗಂಡನ ಜೊತೆ ಮಾತು ಬಿಟ್ಟರು. ಮೂರು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ. ನಾಲ್ಕನೇ ದಿನ ಊಟಕ್ಕೆ ಕೂತಾಗ ಅವರೇ ಶುರುಮಾಡಿದರು.

"ನಾನು ವಾಸನೆ ಇಲ್ಲ ಅಂದೆ. ನನ್ನ ಮಾತು ನಂಬ್ಕೊಂಡು ನೀವೆಲ್ಲ ಅದನ್ನ ಹತ್ತಿದ್ರಿ."

"ನೀನು ಹೇಳಿದ್ದು ಸರೀನೇ. ವಾಸನೆ ಇರಲಿಲ್ಲ."

"ನನ್ನ ಮೂಗಿಗೆ ಗೊತ್ತಾಗ್ಬೇಕಿತ್ತು ಕಣ್ರೀ."

"ಯಾರ ಮೂಗಿಗೂ ಗೊತ್ತಾಗಲ್ಲ. ಆ ಹೊಗೆ ಮುಂದೆ ಎಲ್ಲರೂ ನನ್ನ ಹಾಗೇನೇ."

ರಮಾಮಣಿ ಸಾರಿನ ಸೌಟು ಎತ್ತಿಕೊಂಡರು. "ಆದ್ರೂ ಗಿಳಿ ಬದಲು ನೀವೇ ಹೋಗ್ಬೇಕಿತ್ತಾ?"

"ಗಿಳಿಗೆ ಮಗ್ಗಿ ಬರಲ್ಲ."

ರಮಾಮಣಿ ನಗಲಿಲ್ಲ. ಸೌಟು ಕೆಳಗಿಟ್ಟು ಅಡುಗೆಮನೆಗೆ ಹೋದರು. ಅಲ್ಲಿಂದ ಮೂಗೇರಿಸುವ ಸದ್ದು ಬಂತು. ಕಣ್ಣೊರೆಸಿಕೊಂಡು ಬಂದು, ಗಂಡನ ತಟ್ಟೆಗೆ ಕೇಳದೆಯೇ ಎರಡನೇ ಸಲ ಸಾರು ಬಡಿಸಿದರು.

ಫೆಬ್ರವರಿಯಲ್ಲಿ ಇನ್‌ಸ್ಪೆಕ್ಟರೇ ಬರೋಡಾಕ್ಕೆ ಬಂದು ವಿಮಾನ ನೋಡಿದರು. ಹೀಟರ್ ಇರಲಿಲ್ಲ, ಗೋಡೆಯ ಆ ತೂತಿಗೆ ತಗಡು ಹೊಡೆದು ಮುಚ್ಚಿತ್ತು. ಹೊಗೆಕೊಳವೆ ಹೊಸದು. ಅಲ್ಯೂಮಿನಿಯಂ ಕೊಳವೆಯ ಬಾಗುಗಳನ್ನು ಅವರು ಬೆರಳಿನಿಂದ ಸವರಿ ನೋಡಿ ಸಹಿ ಹಾಕಿದರು. ನಕ್ಷೆಯಲ್ಲಿರುವ ಹೀಟರ್ ಎಲ್ಲಿ ಎಂದು ಅವರು ಕೇಳಲಿಲ್ಲ. ವಿಮಾನ ಮಾಡಿದ ಕಂಪನಿಗೆ ಜಶವಂತಭಾಯಿ ಬರೆದ ನಾಲ್ಕು ಪುಟದ ಕಾಗದಕ್ಕೆ ಮಾರ್ಚಿನಲ್ಲಿ ಎರಡು ಸಾಲಿನ ಉತ್ತರ ಬಂತು. ಬಿಸಿ ದೇಶಗಳಿಗೆ ಹೀಟರನ್ನು ತಾವು ಶಿಫಾರಸು ಮಾಡುವುದಿಲ್ಲವೆಂದೂ, ತಮ್ಮ ವಿಮಾನವನ್ನು ಆ ಮಹನೀಯರು ಸಂತೋಷದಿಂದ ಬಳಸುತ್ತಿರುವರೆಂದು ನಂಬಿರುವುದಾಗಿಯೂ ಅದರಲ್ಲಿತ್ತು.

ಆ ತಿಂಗಳ ಕೊನೆಯ ಭಾನುವಾರ ಕೆರ್ಸಿ ಬಹಳ ಒತ್ತಾಯ ಮಾಡಿ ರಮಾಮಣಿಯನ್ನು ಹದಿನೈದು ನಿಮಿಷ ಮೇಲೆ ಕರೆದುಕೊಂಡು ಹೋದರು. ರಾಯರು ಹರ್ಣಿಯ ಬೇಲಿಯ ಹತ್ತಿರ ಬಿಸಿಲಿನಲ್ಲಿ ನಿಂತು, ವಿಮಾನ ಚುಕ್ಕಿಯಾಗಿ ಮತ್ತೆ ವಿಮಾನವಾಗುವವರೆಗೆ ಕಣ್ಣು ಕೀಲಿಸಿದ್ದರು. ರಮಾಮಣಿ ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಗಂಡನ ಹತ್ತಿರ ಬಂದರು.

"ಹೇಗಿತ್ತು?" ರಾಯರು ಕೇಳಿದರು.

"ಮಂಜಲ್‌ಪುರದ ಮೇಲೂ ಹೋಗಿದ್ವಿ. ನಮ್ಮ ಮಾಳಿಗೆ ಮೇಲಿನ ತೊಟ್ಟಿ ಮುಚ್ಚಳ ಪಕ್ಕಕ್ಕೆ ಬಿದ್ದಿದೆ, ರೀ. ಎಷ್ಟು ದಿನದಿಂದ ಹಾಗೇ ಇದೆಯೋ, ನಾವು ಅದೇ ನೀರು ಕುಡೀತಿದ್ದೀವಿ."

ರಾಯರು ಮನೆಗೆ ಬಂದ ತಕ್ಷಣ ಏಣಿ ಹಾಕಿ ಮಾಳಿಗೆ ಹತ್ತಿದರು. ಮುಚ್ಚಳ ಬಿದ್ದಿತ್ತು. ಸರಿಮಾಡಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಇಟ್ಟು, ಇಳಿದು ಬಂದರು.